ಗಟ್ಟಿ ಉಳಿಗೆ ಮೆದು ಚಕ್ರ

ಕೆ.ಆರ್.ಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಹೋದವರು ಹೊರಗೋಡೆಯ ಶಿಲ್ಪಗಳ ಮುಂದೆ ಹೊತ್ತು ಕಳೆದು, ಒಳಗಿನ ಕಂಬಗಳನ್ನು ಒಮ್ಮೆ ಸವರಿ ಬಂದುಬಿಡುತ್ತಾರೆ. ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದ, ಸುಮಾರು 1250ರ ಈ ಗುಡಿಯ ನವರಂಗದಲ್ಲಿ ನಿಂತಿರುವುದು ಕಡೆದ ಕಂಬಗಳು. ಒಂದರ ಕೆಳಗೊಂದು ಸುತ್ತಿಕೊಂಡ ಏಣು, ತೋಡುಗಳನ್ನು ಕಂಡರೆ ಇದು ತಿರುಗಣಿಯ ಕೆಲಸವೆಂದು ಬಡಗಿಗೆ ಯಾರೂ ಹೇಳಿಕೊಡಬೇಕಿಲ್ಲ. ವಸ್ತು ತಿರುಗಬೇಕು, ಉಳಿ ಅದಕ್ಕೆ ಆನಿಕೊಂಡು ನಿಲ್ಲಬೇಕು. ಬಳಪದ ಕಲ್ಲು ಗಣಿಯಿಂದ ಬಂದ ಹೊಸದರಲ್ಲಿ ಮೆದುವಾಗಿರುವುದರಿಂದ ಕಬ್ಬಿಣದ ಮೊನೆಗೆ ಒಲಿಯಿತು. ಪಕ್ಕದ ಜಿಲ್ಲೆಯ ಚನ್ನಪಟ್ಟಣದಲ್ಲಿ ಆಲೆ ಮರ ಇವತ್ತಿಗೂ ಬಣ್ಣದ ಗೊಂಬೆಯಾಗುತ್ತಿರುವುದು ಇದೇ ಉಪಾಯದಿಂದ. ಆ ಗೊಂಬೆಯ ಮರದ ಬಗ್ಗೆ, ಅರಗಿನ ಬಗ್ಗೆ, ಮೆರುಗು ಕೊಡುವ ಒಣಗರಿಯ ಬಗ್ಗೆ ಬರೆದವರು ಬಹಳ. ಉಳಿ ಮಸೆಯುವ ಸಾಣೆ ಚಕ್ರವನ್ನು ಆರಿಸುವ ಕೆಲಸ ಮಾತ್ರ ಸಾಮಾನ್ಯವಾಗಿ ಹಾರ್ಡ್‌ವೇರ್ ಅಂಗಡಿಯವನ ಪಾಲಿಗೆ. ಅವನು ಕೊಡುವುದು ಬಾಳಿಕೆ ಬರುವ ಗಟ್ಟಿ ಚಕ್ರವನ್ನು. ನನ್ನ ವಾದ ಇದಕ್ಕೆ ನೇರ ವಿರುದ್ಧ: ಉಳಿಯ ಉಕ್ಕು ಗಟ್ಟಿಯಾದಷ್ಟೂ ಚಕ್ರ ಮೆದುವಾಗಿರಬೇಕು, ಬೇಗ ಸವೆಯಬೇಕು.

ಮೊದಲು ಉಳಿ ಎಷ್ಟು ದುಡಿಯುತ್ತದೆಂದು ನೋಡೋಣ. 50 ಮಿಲಿಮೀಟರ್ ದಪ್ಪದ ಕೊರಡು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಮೊನೆಯ ಮುಂದೆ ಪ್ರತಿ ನಿಮಿಷ ಸುಮಾರು 235 ಮೀಟರ್ ಮರ ಹಾಯುತ್ತದೆ. ಎಡೆಬಿಡದೆ ಒಂದು ಗಂಟೆ ಕಡೆದರೆ ಅದು 14 ಕಿಲೋಮೀಟರ್. ಹೀಗಾಗಿ ಕಡೆಯುವವನು ದಿನಕ್ಕೆ ಹತ್ತಾರು ಸಲ ಚಕ್ರದ ಮುಂದೆ ನಿಲ್ಲಲೇಬೇಕು. ಬಾಚಿ, ಕೀಸುಳಿಯವರ ಹಾಗೆ ಕಲ್ಲಿನ ಮೇಲೆ ಎಣ್ಣೆ ಹಚ್ಚಿ ನಯ ಮಾಡುತ್ತ ಕೂರಲು ಅವನಿಗೆ ಪುರಸತ್ತಿಲ್ಲ. ಚಕ್ರ ಬಿಟ್ಟ ಮೊನೆಯೇ ಮರಕ್ಕೆ ತಾಗುತ್ತದೆ. ಆಲೆ ಮರ ಮೆದು, ಮೊಂಡು ಉಳಿ ಸಾಕಲ್ಲ ಎನ್ನುವ ಮಾತುಂಟು. ಮರದ ಮಟ್ಟಿಗೆ ಅದು ತಿರುವುಮುರುವು. ಗಟ್ಟಿ ಮರದ ನಾರು ಮೊಂಡು ಮೊನೆಗೂ ಎದುರು ನಿಂತು ಕತ್ತರಿಸಿಕೊಳ್ಳುತ್ತದೆ. ಮೆದು ಮರದ ನಾರು ಬಾಗಿ, ಜಜ್ಜಿ, ಆಮೇಲೆ ಕಿತ್ತು ಬರುತ್ತದೆ. ಕಿತ್ತುಬಂದ ಆ ಒರಟನ್ನು ಅರಗು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಇನ್ನು ಚಕ್ರದ ಒಳಗು. ಅದು ಎರಡು ವಸ್ತುಗಳ ಕೂಟ: ಕೊರೆಯುವ ಹರಳು ಮತ್ತು ಅವನ್ನು ಹಿಡಿದಿಟ್ಟ ಅಂಟು. ಚಕ್ರದ ಮೈಮೇಲಿನ ಚೀಟಿಯಲ್ಲಿ ‘ಡಬ್ಲ್ಯುಎ 80 ಕೆ 5 ವಿ’ ಎಂದಿದ್ದರೆ, ಮೊದಲನೆಯದು ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಹರಳು. 80 ಎಂಬುದು ಹರಳಿನ ಗಾತ್ರ, ಹೆಚ್ಚುಕಡಿಮೆ 0.18 ಮಿಲಿಮೀಟರ್, 5 ಹರಳುಗಳ ನಡುವಿನ ಸಂದಿಯ ಅಳತೆ, ‘ವಿ’ ಎಂದರೆ ಪಿಂಗಾಣಿಯಂತೆ ಸುಟ್ಟ ಅಂಟು. ಜನ ಓದದೆ ಬಿಡುವ ‘ಕೆ’ ಅಕ್ಷರವೇ ಇಲ್ಲಿ ಮುಖ್ಯ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎ ಕಡೆಗೆ ಹೋದಷ್ಟೂ ಅಂಟಿನ ಹಿಡಿತ ಸಡಿಲ, ಜೆಡ್ ಕಡೆಗೆ ಬಿಗಿ. ಚಕ್ರದ ಗಡಸುತನ ಅಳೆಯುವುದು ಈ ಹಿಡಿತದಿಂದಲೇ ಹೊರತು ಹರಳಿನ ಗಡಸಿನಿಂದಲ್ಲ.

ಉಕ್ಕನ್ನು ಕೊರೆಯುತ್ತ ಹರಳಿನ ಅಂಚು ಮೊಂಡಾಗುತ್ತದೆ. ಮೊಂಡಾದ ಹರಳು ಕೊರೆಯದೆ ಉಜ್ಜುತ್ತದೆ, ಉಜ್ಜಿದ್ದೆಲ್ಲ ಬಿಸಿಯಾಗುತ್ತದೆ. ಅಂಟು ಸಡಿಲವಿದ್ದರೆ ಒತ್ತಡ ಏರುತ್ತಿದ್ದಂತೆ ಆ ಹರಳು ಉದುರಿ, ಕೆಳಗಿನ ಹೊಸ ಹರಳು ಮೊನೆ ಚಾಚುತ್ತದೆ. ಬಿಗಿ ಅಂಟಿನ ಚಕ್ರದಲ್ಲಿ ಸತ್ತ ಹರಳುಗಳೇ ಕೂತಲ್ಲಿ ಕೂತು ಮುಖ ಕನ್ನಡಿಯಂತೆ ಹೊಳೆಯತೊಡಗುತ್ತದೆ. ಚಕ್ರ ಹಿಡಿಯುತ್ತಿಲ್ಲವೆಂದು ಕೆಲಸಗಾರ ಇನ್ನಷ್ಟು ಅದುಮುತ್ತಾನೆ. ಊರ ಕುಲುಮೆಯಲ್ಲಿ ಹಳೆಯ ಅರ ಬಡಿದು ಮಾಡಿಸಿದ ಇಂಗಾಲದ ಉಕ್ಕಿನ ಉಳಿಯಾದರೆ ತುದಿ ಮೊದಲು ಹುಲ್ಲಿನ ಬಣ್ಣ, ಆಮೇಲೆ ಕಂದು, 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀಲಿ. ನೀಲಿ ಕಂಡಿತೆಂದರೆ ಹದ ಇಳಿಯಿತೆಂದೇ ಅರ್ಥ. ಆ ಭಾಗ ಪೂರ್ತಿ ಮಸೆದು ತೆಗೆಯದೆ ಮೊನೆ ನಿಲ್ಲುವುದಿಲ್ಲ.

ಮೆದು ಚಕ್ರ ಬೇಗ ಮುಗಿಯುತ್ತದೆ, ಬಡ ಕುಶಲಕರ್ಮಿಗೆ ಇದು ದುಬಾರಿ ಎಂಬ ಆಕ್ಷೇಪ ಸಹಜ. ಆದರೆ ಗಟ್ಟಿ ಚಕ್ರ ಉಳಿಸಿದ್ದು ಅಗ್ಗದ ಪುಡಿಯನ್ನು, ತಿಂದದ್ದು ಉಳಿಯ ಆಯಸ್ಸನ್ನು. ಹೈಸ್ಪೀಡ್ ಸ್ಟೀಲ್ ಉಳಿ ತಂದರೆ ಬಿಸಿಯ ಗೊಡವೆಯೇ ಇಲ್ಲ ಎಂಬ ಇನ್ನೊಂದು ಮಾತು ಅರ್ಧ ನಿಜ. ಆ ಉಕ್ಕು 550 ಡಿಗ್ರಿಯವರೆಗೂ ಹದ ಬಿಡುವುದಿಲ್ಲ, ನೀಲಿ ಬಣ್ಣಕ್ಕೆ ಹೆದರಬೇಕಿಲ್ಲ. (ಕಾದ ಅದನ್ನು ತಣ್ಣೀರಿಗೆ ಅದ್ದುವುದು ಮಾತ್ರ ಕೆಟ್ಟ ಅಭ್ಯಾಸ, ಮೊನೆಯಲ್ಲಿ ಕೂದಲೆಳೆ ಬಿರುಕು ಬಿಡಬಹುದು.) ಆದರೆ ಅದರೊಳಗೆ ವೆನೇಡಿಯಂ ಕಾರ್ಬೈಡ್ ಕಣಗಳಿವೆ, ಅವು ಅಲ್ಯೂಮಿನಿಯಂ ಆಕ್ಸೈಡಿಗಿಂತ ಗಟ್ಟಿ. ಅಂದರೆ ಹರಳು ಇನ್ನೂ ಬೇಗ ಮೊಂಡಾಗುತ್ತದೆ, ಅಂಟು ಇನ್ನೂ ಬೇಗ ಅದನ್ನು ಕೈಬಿಡಬೇಕಾಗುತ್ತದೆ.

ಹಾಗಾದರೆ ಹರಳನ್ನೇ ಗಟ್ಟಿ ಮಾಡೋಣ ಎನ್ನಬಹುದು. ಹಸಿರು ಚಕ್ರದ ಸಿಲಿಕಾನ್ ಕಾರ್ಬೈಡ್ ಹೆಚ್ಚು ಗಟ್ಟಿಯೇನೋ ಹೌದು. ಆದರೆ ಬಿಸಿಯಲ್ಲಿ ಕಬ್ಬಿಣದೊಂದಿಗೆ ರಾಸಾಯನಿಕವಾಗಿ ಬೆರೆತು ಕರಗುತ್ತದೆ. ಅದು ಕಾರ್ಬೈಡ್ ತುದಿಯ ಉಪಕರಣಗಳಿಗೆ ಸಲ್ಲುವ ಚಕ್ರ. ವಜ್ರವೂ ಇಂಗಾಲವೇ, ಅದರ ಕಥೆಯೂ ಅಷ್ಟೆ. ನನ್ನ ವಾದಕ್ಕೆ ನಿಜವಾದ ಸವಾಲು ಸಿಬಿಎನ್. ರಾಬರ್ಟ್ ವೆಂಟಾರ್ಫ್ 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ತಯಾರಿಸಿದ ಈ ಬೋರಾನ್ ನೈಟ್ರೈಡ್ ಹರಳು ಗಡಸಿನಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಎರಡು ಪಟ್ಟು ಮೀರುತ್ತದೆ, ಕಬ್ಬಿಣದೊಂದಿಗೆ ಬೆರೆಯುವುದಿಲ್ಲ, ಬಿಸಿಯನ್ನು ಬೇಗ ಸಾಗಹಾಕುತ್ತದೆ. ಲೋಹದ ಗಾಲಿಗೆ ನಿಕ್ಕಲ್ ಲೇಪದಲ್ಲಿ ಕೂರಿಸಿದ ಅದರ ಚಕ್ರ ಸವೆಯುವುದೇ ಇಲ್ಲವೆನ್ನಬೇಕು. ಆದರೂ ವಾದ ಬೀಳುವುದಿಲ್ಲ. ಬೇಕಾದದ್ದು ಸದಾ ಹರಿತವಾದ ಹರಳು, ಸವೆತ ಅದಕ್ಕೊಂದು ದಾರಿ ಅಷ್ಟೆ. ಸಿಬಿಎನ್ ಮೊಂಡಾಗದೆಯೇ ಆ ಗುರಿ ಮುಟ್ಟುತ್ತದೆ. ಬೆಲೆ ಮಾತ್ರ ಹಲವು ಪಟ್ಟು. ಜೊತೆಗೆ ಮೆದು ಕಬ್ಬಿಣ ತಾಗಿಸಿದರೆ ಅದರ ಸಂದಿಗಳು ಮೆತ್ತಿಕೊಳ್ಳುತ್ತವೆ, ಮುಖ ಕೆರೆದು ಹೊಸದು ಮಾಡುವಂತಿಲ್ಲ. ಹತ್ತು ಮಂದಿ ಹೈಸ್ಪೀಡ್ ಉಳಿ ಹಿಡಿದು ದುಡಿಯುವ ಕಾರ್ಖಾನೆಗೆ ಅದು ಒಪ್ಪುತ್ತದೆ. ಒಬ್ಬನೇ ಕಡೆಯುವವನಿಗೆ, ಅದರಲ್ಲೂ ಕುಲುಮೆಯ ಉಳಿಯವನಿಗೆ, 8 ಅಂಗುಲದ ಬಿಳಿ ಚಕ್ರ ಸಾಕು: ಆಕಾರ ತಿದ್ದಲು 60 ಇಲ್ಲವೆ 80, ನಯದ ಉಳಿಗೆ 120, ಹಿಡಿತ ಜೆ ಅಥವಾ ಕೆ.

ಇವೆರಡರಲ್ಲಿ ಯಾವುದೆಂಬುದು ಮೋಟಾರಿನ ಮೇಲೆ ನಿಂತಿದೆ. 200 ಮಿಲಿಮೀಟರ್ ಚಕ್ರ 2880 ಸುತ್ತಿನಲ್ಲಿ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಉಕ್ಕನ್ನು ತಾಗುತ್ತದೆ, 1440ರಲ್ಲಿ 15. ವೇಗ ಇಳಿದರೆ ಬಿಸಿಯೂ ಇಳಿಯುತ್ತದೆ, ಆದರೆ ಪ್ರತಿ ಹರಳೂ ದಪ್ಪ ಸೀಳು ತೆಗೆಯಬೇಕಾಗಿ ಬೇಗ ಉದುರುತ್ತದೆ. ಒಂದೇ ಚಕ್ರ ನಿಧಾನದ ಮೋಟಾರಿನಲ್ಲಿ ಮೆದುವಾಗಿ ವರ್ತಿಸುತ್ತದೆ. ಆದ್ದರಿಂದ 1440ಕ್ಕೆ ಕೆ, 2880ಕ್ಕೆ ಜೆ. 8 ಅಂಗುಲದ ಚಕ್ರ ಸವೆದು 6ಕ್ಕೆ ಇಳಿದಾಗ ಅಂಚಿನ ವೇಗ ಮುಕ್ಕಾಲಾಗುತ್ತದೆ, ಆಗಲೂ ಅದು ಮೊದಲಿಗಿಂತ ಬೇಗ ಪುಡಿಯಾಗತೊಡಗುತ್ತದೆ. ಇದನ್ನು ಚಕ್ರದ ದೋಷವೆಂದು ಅಂಗಡಿಗೆ ಒಯ್ದು ಜಗಳವಾಡಬೇಕಿಲ್ಲ.