ನಂಬರ್ ಒನ್ ರಸ್ತೆ

ಹಳದಿ ಫಲಕ, ಕಪ್ಪು ಅಂಚು, ನಡುವೆ ಒಂದೇ ಅಂಕಿ: 1. ಜರ್ಮನಿಯ ಪಶ್ಚಿಮದ ಅಂಚಿನಲ್ಲಿರುವ ಆಖೆನ್ ನಗರದಿಂದ ಪೂರ್ವದಲ್ಲಿ ಪೋಲೆಂಡ್ ಗಡಿಯ ಓಡರ್ ನದಿಯವರೆಗೆ, ಸುಮಾರು ಏಳುನೂರು ಕಿಲೋಮೀಟರ್ ಉದ್ದಕ್ಕೂ ಈ ಫಲಕ ಆಗಾಗ ಕಣ್ಣಿಗೆ ಬೀಳುತ್ತದೆ. ‘ಬುಂಡೆಸ್‌ಸ್ಟ್ರಾಸೆ 1’ ಎಂಬುದು ಸರ್ಕಾರಿ ಹೆಸರು, ಬಳಕೆಯಲ್ಲಿ ಬರೀ ಬಿ-1. ನಮ್ಮ ರಾಷ್ಟ್ರೀಯ ಹೆದ್ದಾರಿಗಳ ಹಾಗೆ ಇದೂ ಕೇಂದ್ರದ ಸ್ವತ್ತು. ಜರ್ಮನಿಯ ರಸ್ತೆ ಎಂದೊಡನೆ ಎಲ್ಲರಿಗೂ ಆಟೋಬಾನ್ ನೆನಪಾಗುತ್ತದೆ. ಅವಸರವಿದ್ದವರು ಅದನ್ನೇ ಹಿಡಿಯಲಿ. ಬಿ-1 ಊರು ಬಂದರೆ ಊರೊಳಗೇ ನುಗ್ಗುತ್ತದೆ, ಸಿಗ್ನಲ್ಲಿನಲ್ಲಿ ಕಾಯಿಸುತ್ತದೆ. ಕೆಲವೆಡೆ ಆಟೋಬಾನ್ ಅದರ ಜಾಗವನ್ನೇ ನುಂಗಿ ಹಾಕಿರುವುದರಿಂದ ನಡುನಡುವೆ ಮಾಯವಾಗಿ ಮುಂದೆಲ್ಲೋ ಮತ್ತೆ ಸಿಗುತ್ತದೆ.

ದೂರದ ರಸ್ತೆಗಳಿಗೆ ನಂಬರು ಬಂದದ್ದು 1932ರಲ್ಲಿ. ಆಗ ಒಂದನೇ ನಂಬರಿನ ರಸ್ತೆ ಬರ್ಲಿನ್ ದಾಟಿ, ನಡುವೆ ಪೋಲೆಂಡಿನ ನೆಲವನ್ನೂ ಹಾದು, ತತ್ವಜ್ಞಾನಿ ಕಾಂಟ್ ಬದುಕಿದ್ದ ಕೋನಿಗ್ಸ್‌ಬರ್ಗ್ ಮೂಲಕ ಲಿಥುವೇನಿಯಾ ಗಡಿಗೆ ಮುಟ್ಟುತ್ತಿತ್ತು. ಒಟ್ಟು 1300 ಕಿ.ಮೀ.ಗೂ ಹೆಚ್ಚು. 1945ರ ಸೋಲಿನ ನಂತರ ಓಡರ್ ನದಿಯಾಚೆಗಿನ ಭಾಗವೆಲ್ಲ ಕೈಬಿಟ್ಟಿತು. ಅದರಲ್ಲಿ ಬಹುಪಾಲು ಇಂದು ಪೋಲೆಂಡಿನ 22ನೇ ನಂಬರಿನ ರಸ್ತೆ. ಕೋನಿಗ್ಸ್‌ಬರ್ಗ್ ರಷ್ಯಾದ ಕಲಿನಿನ್‌ಗ್ರಾಡ್ ಆಗಿದೆ. ಉಳಿದ ಅರ್ಧವೂ ಹೆಲ್ಮ್‌ಸ್ಟೆಟ್ ಊರಿನಾಚೆ ಎರಡು ಜರ್ಮನಿಗಳ ಗಡಿಬೇಲಿಗೆ ಸಿಕ್ಕು ತುಂಡಾಯಿತು. ಪಶ್ಚಿಮದಲ್ಲಿ ಅದು ಬಿ-1, ಪೂರ್ವದಲ್ಲಿ ಎಫ್-1.

ನಂಬರಿಗಿಂತ ರಸ್ತೆ ಬಹಳ ಹಳೆಯದು. ರೂರ್ ಪ್ರದೇಶದಿಂದ ಪಾಡರ್ಬೋರ್ನ್‌ವರೆಗೆ ಬಿ-1 ಹಿಡಿದಿರುವುದು ‘ಹೆಲ್‌ವೆಗ್’ ಎಂಬ ಮಧ್ಯಯುಗದ ವ್ಯಾಪಾರದ ದಾರಿಯನ್ನು. ವೆರ್ಲ್, ಸಾಲ್ಟ್ಸ್‌ಕೊಟ್ಟೆನ್‌ನಂಥ ಊರುಗಳಲ್ಲಿ ಉಪ್ಪುನೀರಿನ ಬುಗ್ಗೆಗಳಿದ್ದವು; ಕಾಯಿಸಿ ತೆಗೆದ ಉಪ್ಪು ಈ ದಾರಿಯಲ್ಲೇ ಸಾಗುತ್ತಿತ್ತು. ಆಮೇಲೆ ಕಲ್ಲಿದ್ದಲು ಬಂತು, ಉಕ್ಕು ಬಂತು. ಎಸೆನ್, ಬೋಖುಮ್, ಡಾರ್ಟ್ಮುಂಡ್ ಒಂದಕ್ಕೊಂದು ಅಂಟಿಕೊಂಡು ಬೆಳೆದವು. ಇಲ್ಲಿನ ಟ್ರಾಫಿಕ್ ಜಾಮ್ ಇಡೀ ದೇಶದಲ್ಲಿ ಕುಖ್ಯಾತ. ಇದೇ ರಸ್ತೆಯನ್ನು 2010ರ ಜುಲೈ 18ರಂದು, ಈಗ ಎ-40 ಆಟೋಬಾನ್ ಆಗಿರುವ ಭಾಗವೂ ಸೇರಿ, ಡೂಸ್‌ಬುರ್ಗ್‌ನಿಂದ ಡಾರ್ಟ್ಮುಂಡ್‌ವರೆಗೆ 60 ಕಿ.ಮೀ. ಮುಚ್ಚಿ, 20 ಸಾವಿರ ಮೇಜುಗಳನ್ನು ಸಾಲಾಗಿ ಇಟ್ಟರು. ಒಂದು ಬದಿಯಲ್ಲಿ ಊಟ, ಹಾಡು, ಹರಟೆ. ಇನ್ನೊಂದು ಬದಿ ಸೈಕಲ್ ಸವಾರರಿಗೆ. ಬಂದವರು ಸುಮಾರು 30 ಲಕ್ಷ ಮಂದಿ.

ಮುಂದೆ ವೇಸರ್ ನದಿಯ ದಡದಲ್ಲಿ ಹಾಮೆಲ್ನ್. ಕನ್ನಡದವರಿಗೆ ಇದು ಅಪರಿಚಿತ ಊರಲ್ಲ. ಇಲಿಗಳನ್ನು ಓಡಿಸಿದವನಿಗೆ ಕೂಲಿ ಕೊಡದೆ ಮಕ್ಕಳನ್ನು ಕಳೆದುಕೊಂಡ ಊರು ಇದೇ; ಬ್ರೌನಿಂಗನ ಇಂಗ್ಲಿಷ್ ಕವನದ ಎಳೆ ಹಿಡಿದು ಕುವೆಂಪು ಆ ಕಥೆಯನ್ನು ಬೊಮ್ಮನಹಳ್ಳಿಗೆ ತಂದು ‘ಕಿಂದರಿಜೋಗಿ’ ಮಾಡಿದರು. ಊರಿನ ಪರಂಪರೆ ಹೇಳುವ ದಿನ 1284ರ ಜೂನ್ 26, ಕಾಣೆಯಾದ ಮಕ್ಕಳು 130. ಅವರು ಕೊನೆಯದಾಗಿ ನಡೆದುಹೋದರೆನ್ನುವ ಓಣಿಯಲ್ಲಿ ಇಂದಿಗೂ ವಾದ್ಯ ನುಡಿಸುವಂತಿಲ್ಲ. ಮದುವೆಯ ಮೆರವಣಿಗೆ ಬಂದರೂ ಅಲ್ಲಿ ಸದ್ದಡಗಿಸಿಯೇ ದಾಟಬೇಕು. ಹೊಸ ನೆಲದಲ್ಲಿ ನೆಲೆಸಲು ಆಳುಗಳನ್ನು ಕೂಡಿಸುತ್ತಿದ್ದವರ ಹಿಂದೆ ಊರಿನ ಯುವಜನ ಪೂರ್ವಕ್ಕೆ ವಲಸೆ ಹೋಗಿರಬೇಕು ಎಂಬುದು ಹಲವು ವಿದ್ವಾಂಸರ ಊಹೆ. ಈ ರಸ್ತೆ ಹೋಗುವ ದಿಕ್ಕು ನೋಡಿದರೆ ನನಗೂ ಅದೇ ಸರಿ ಅನ್ನಿಸುತ್ತದೆ.

ಹಿಲ್ಡೆಸ್‌ಹೈಮ್, ಬ್ರೌನ್‌ಷ್ವೈಗ್, ಮಾಗ್ಡೆಬುರ್ಗ್ ಕಳೆದು ಪೋಟ್ಸ್‌ಡಾಮ್ ಬಂದರೆ ಹಾವೆಲ್ ನದಿಯ ಮೇಲೆ ಗ್ಲೀನಿಕೆ ಸೇತುವೆ. 1907ರ ಉಕ್ಕಿನ ಸೇತುವೆ ಇದು. ಯುದ್ಧದ ಕೊನೆಯಲ್ಲಿ ಮುರಿದುಬಿದ್ದದ್ದನ್ನು ಮತ್ತೆ ಕಟ್ಟಿ, ಪೂರ್ವದ ಸರ್ಕಾರ ‘ಐಕ್ಯದ ಸೇತುವೆ’ ಎಂದು ಹೆಸರಿಟ್ಟಿತು. ಕೆಲವೇ ವರ್ಷಗಳಲ್ಲಿ ಜನಸಾಮಾನ್ಯರಿಗೆ ಅದನ್ನು ಮುಚ್ಚಿಯೂ ಬಿಟ್ಟಿತು! ಪೂರ್ವ ಜರ್ಮನಿಗೂ ಪಶ್ಚಿಮ ಬರ್ಲಿನ್ನಿಗೂ ನಡುವಿನ ಗಡಿ ಹಾದದ್ದು ಸರಿಯಾಗಿ ಸೇತುವೆಯ ಮಧ್ಯದಲ್ಲಿ. 1962ರ ಫೆಬ್ರುವರಿ 10ರ ಬೆಳಿಗ್ಗೆ ಅಮೆರಿಕದ ಬೇಹು ವಿಮಾನದ ಪೈಲಟ್ ಗ್ಯಾರಿ ಪವರ್ಸ್ ಒಂದು ಕಡೆಯಿಂದ, ಸೋವಿಯತ್ ಗೂಢಚಾರ ರುಡಾಲ್ಫ್ ಏಬಲ್ ಇನ್ನೊಂದು ಕಡೆಯಿಂದ ನಡೆದು ಬಂದು ಅದಲುಬದಲಾದರು. ಬರ್ಲಿನ್ ಗೋಡೆ ತೆರೆದ ಮರುದಿನ, 1989ರ ನವೆಂಬರ್ 10ರಂದು, ಸೇತುವೆಯೂ ತೆರೆಯಿತು. ಎರಡು ಸರ್ಕಾರಗಳು ತಮ್ಮ ತಮ್ಮ ಅರ್ಧಕ್ಕೆ ಬೇರೆ ಬೇರೆ ಹಸಿರು ಬಳಿಸಿದ್ದವು. ಗಮನಿಸಿದರೆ ಕಂಬಿಗಳ ಬಣ್ಣ ನಡುವೆ ಬದಲಾಗುವುದು ಈಗಲೂ ಕಾಣುತ್ತದೆ.

ಬರ್ಲಿನ್ನಿನಲ್ಲಿ ಬಿ-1 ಪೋಟ್ಸ್‌ಡಾಮರ್ ಪ್ಲಾಟ್ಸ್ ಹಾದು, 1953ರಲ್ಲಿ ಕಾರ್ಮಿಕರು ದಂಗೆಯೆದ್ದ ಅಂದಿನ ಸ್ಟಾಲಿನ್ ಅಲೇಯ ಮೇಲೆ ಸಾಗಿ ಊರು ಬಿಡುತ್ತದೆ. ಆಮೇಲೆ ಬಯಲು. ಝೀಲೋ ದಿಬ್ಬಗಳ ಮೇಲೆ 1945ರ ಏಪ್ರಿಲ್ 16ರಂದು ಸೋವಿಯತ್ ಸೇನೆ ಬರ್ಲಿನ್‌ ಕಡೆಗೆ ಕೊನೆಯ ದಾಳಿ ಆರಂಭಿಸಿದ್ದು ಈ ರಸ್ತೆಯ ದಿಕ್ಕಿನಲ್ಲೇ. ಸ್ಮಾರಕ ಅಲ್ಲೇ ಇದೆ. ಗಡಿಯಾಚೆ, ಕ್ಯೂಸ್ಟ್ರಿನ್ನಿನ ಹಳೆಯ ಊರಿನಲ್ಲಿ ಕಾಲುದಾರಿಯ ಕಲ್ಲು, ಮೆಟ್ಟಿಲು, ಹೊಸ್ತಿಲು ಉಳಿದಿವೆ, ಮನೆಗಳಿಲ್ಲ.

ಓದಿಗೋ ಕೆಲಸಕ್ಕೋ ಬರ್ಲಿನ್‌ಗೆ ಹೋದವರು ನಿಮ್ಮ ಮನೆಯಲ್ಲಿದ್ದರೆ ಗ್ಲೀನಿಕೆ ಸೇತುವೆ ನೋಡಲು ಹೇಳಿ. ವಾನ್‌ಜೇವರೆಗೆ ಎಸ್-ಬಾನ್ ರೈಲು, ಅಲ್ಲಿಂದ 316ನೇ ಬಸ್ಸು. ಸೇತುವೆಯನ್ನು ನಡೆದೇ ದಾಟಿದರೆ ಆಚೆ ಪೋಟ್ಸ್‌ಡಾಮಿನ 93ನೇ ಟ್ರಾಮ್ ನಿಂತಿರುತ್ತದೆ. ಎಬಿಸಿ ವಲಯದ ಒಂದು ದಿನದ ಟಿಕೆಟ್ಟು ಮೂರಕ್ಕೂ ನಡೆಯುತ್ತದೆ.