ಗೇರ್‌ಬಾಕ್ಸ್ ಇಳಿಸುವ ಮೊದಲು

ಕೊಳ್ಳೇಗಾಲ ಬಿಟ್ಟು ಮಧುವನಹಳ್ಳಿ, ಕಾಮಗೆರೆ ದಾಟಿ ಹನೂರು ಸೇರುವವರೆಗೆ ಗಾಡಿಗೆ ಅಂಥ ಕಷ್ಟವೇನಿಲ್ಲ. ಕೌದಳ್ಳಿ ಕಳೆದು ತಾಳುಬೆಟ್ಟ ಬಂತೆಂದರೆ ಮಲೆ ಮಹದೇಶ್ವರ ಬೆಟ್ಟದ ತಿರುವುಗಳು ಶುರುವಾಗುತ್ತವೆ. ಇತ್ತ ಯಳಂದೂರಿನಿಂದ ಗುಂಬಳ್ಳಿ ದಾಟಿದರೆ ಬಿಳಿಗಿರಿರಂಗನ ಬೆಟ್ಟದ ಕಾಡಿನ ಏರು. ಅಮಾವಾಸ್ಯೆಗೋ ಶಿವರಾತ್ರಿಗೋ ಬೆಟ್ಟ ಹತ್ತುವ ಕಾರುಗಳಲ್ಲಿ ಈಗ ಆಟೊಮ್ಯಾಟಿಕ್ ಗಾಡಿಗಳೂ ಇವೆ. ಅವುಗಳಲ್ಲಿ ಕೆಲವು ಕಂಪನಿಯಿಂದ ಬಂದ ಹಾಗೆ ಉಳಿದಿಲ್ಲ. ದೊಡ್ಡ ಟೈರು, ಮುಂದೊಂದು ಕಬ್ಬಿಣದ ಗಾರ್ಡು, ಪಿಕಪ್ ಹೆಚ್ಚಿಸಲು ಒಂದು ಟ್ಯೂನಿಂಗ್ ಬಾಕ್ಸ್ ಸೇರಿಕೊಂಡಿರುತ್ತವೆ. ಬೆಟ್ಟ ಇಳಿದು ಬಂದ ಇಂಥ ಗಾಡಿ ನಡುಗುತ್ತಿದೆ, ಮೈಲೇಜ್ ಬಿದ್ದಿದೆ ಎಂದು ಗ್ಯಾರೇಜಿಗೆ ಒಯ್ದರೆ, ‘ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು’ ಎಂಬ ಉತ್ತರ ಬೇಗನೆ ಸಿಗುತ್ತದೆ. ಇಳಿಸುವುದೆಂದರೆ ದೊಡ್ಡ ಖರ್ಚು. ಎಷ್ಟೋ ಸಲ ದೋಷ ಗೇರ್‌ಬಾಕ್ಸಿನ ಹೊರಗೆ, ನಾವೇ ಬದಲಾಯಿಸಿದ ಯಾವುದೋ ಸಾಮಾನಿನಲ್ಲಿ ಇರುತ್ತದೆ.

ಈ ದೋಷ ಹುಡುಕಲು ಮೊದಲು ಟಾರ್ಕ್ ಕನ್ವರ್ಟರ್ ಏನೆಂದು ತಿಳಿದಿರಬೇಕು. ಅದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತ, ಎಣ್ಣೆ ತುಂಬಿದ ದುಂಡನೆಯ ಉಕ್ಕಿನ ಕವಚ. ಎಂಜಿನ್ ಜೊತೆ ತಿರುಗುವ ಪಂಪ್ ಎಣ್ಣೆಯನ್ನು ಎದುರಿನ ಟರ್ಬೈನ್ ಅಲಗುಗಳ ಮೇಲೆ ರಾಚುತ್ತದೆ. ಆ ಹೊಡೆತಕ್ಕೆ ಟರ್ಬೈನ್ ತಿರುಗಿ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ನಡುವೆ ಇರುವ ಸ್ಟೇಟರ್, ಮರಳಿ ಬರುವ ಎಣ್ಣೆಯ ದಿಕ್ಕು ಬದಲಿಸಿ ಪಂಪಿಗೆ ನೆರವಾಗುತ್ತದೆ. ನಿಂತ ಗಾಡಿ ಹೊರಡುವಾಗ ಎಂಜಿನ್ನಿನ ತಿರುಚುಬಲ ಸುಮಾರು 2 ಪಟ್ಟಾಗಿ ಗೇರ್‌ಬಾಕ್ಸಿಗೆ ದಾಟುವುದು ಇದರಿಂದಲೇ. ಜರ್ಮನಿಯ ಹೆರ್ಮಾನ್ ಫೋಟಿಂಗರ್ 1905ರಲ್ಲಿ ಈ ಬಗೆಯ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ನಮ್ಮ ಜಿಲ್ಲೆಯ ಕರಿಕಲ್ಲಿನ ಕ್ವಾರಿಗಳ ಸುತ್ತ ಓಡಾಡುವ ಜೆಸಿಬಿಯಲ್ಲೂ ಟಾರ್ಕ್ ಕನ್ವರ್ಟರ್ ಇದೆ.

ವೇಗ ಏರಿದ ಮೇಲೆ ಇದೇ ಎಣ್ಣೆಯಿಂದ ನಷ್ಟ. ಟರ್ಬೈನ್ ಯಾವಾಗಲೂ ಪಂಪಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ, ಆ ಜಾರಿಕೆ ಪೂರ್ತಿ ಶಾಖವಾಗುತ್ತದೆ. ಹಾಗಾಗಿ ಕವಚದೊಳಗೆ ಒಂದು ಕ್ಲಚ್ ಪ್ಲೇಟ್ ಇಟ್ಟಿರುತ್ತಾರೆ. ಹದವಾದ ವೇಗದಲ್ಲಿ ಅದು ಒತ್ತಿಕೊಂಡು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುತ್ತದೆ. ಇದೇ ಲಾಕಪ್. 1949ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಿಗೆ ಇದು ಬಂತು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಹೆಚ್ಚಿನ ಕಂಪನಿಗಳು ಇದನ್ನು ಅಳವಡಿಸಿಕೊಂಡವು.

ನಿಮ್ಮ ಗಾಡಿಯಲ್ಲಿ ಕನ್ವರ್ಟರ್ ಇದೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಬಗೆಯ ಗಾಡಿಗಳಲ್ಲಿ ಇದು ಇಲ್ಲ. ಅಲ್ಲಿರುವುದು ಮಾಮೂಲಿ ಕ್ಲಚ್, ಅದನ್ನು ಒತ್ತುವುದು ಮಾತ್ರ ಯಂತ್ರ. ಇನೋವಾ ಕ್ರಿಸ್ಟಾದ ಆಟೊಮ್ಯಾಟಿಕ್, ಎಕ್ಸ್‌ಯುವಿ 700ರ ಆಟೊಮ್ಯಾಟಿಕ್, ಹ್ಯಾರಿಯರ್‌ನ ಆಟೊಮ್ಯಾಟಿಕ್ ಇವೆಲ್ಲ ಕನ್ವರ್ಟರ್ ಇರುವ ಗಾಡಿಗಳು.

ಲಾಕಪ್ ಹಿಡಿಯುತ್ತಿದೆಯೇ ಎಂಬ ಪರೀಕ್ಷೆಯನ್ನು ಬೆಟ್ಟದ ರಸ್ತೆಯಲ್ಲಿ ಮಾಡಬೇಡಿ. ಅಲ್ಲಿ ಗೇರು, ವೇಗ, ಆಕ್ಸಿಲರೇಟರ್ ಎಲ್ಲವೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಲಾಕಪ್ ಬಿಡುತ್ತಾ ಹಿಡಿಯುತ್ತಾ ಇರುವುದೇ ಸಹಜ. ಬಿಳಿಗಿರಿರಂಗನ ಬೆಟ್ಟದ ದಾರಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಯುತ್ತದೆ, ಅಲ್ಲಿ ಗಾಡಿ ನಿಲ್ಲಿಸಿ ನೋಡುವುದು ಸಲ್ಲ. ಕೊಳ್ಳೇಗಾಲ–ಯಳಂದೂರು–ಸಂತೇಮರಹಳ್ಳಿ ಹೆದ್ದಾರಿಯಲ್ಲಿ ಸಮನಾದ, ಸಂಚಾರ ಕಡಿಮೆಯಿರುವ ತುಂಡೊಂದನ್ನು ಆರಿಸಿಕೊಳ್ಳಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 70 ಕಿಲೋಮೀಟರ್ ವೇಗದಲ್ಲಿ ಒಂದೇ ಸಮ ಓಡಿಸಿ, ಆಕ್ಸಿಲರೇಟರನ್ನು ಒಂಚೂರು ಒತ್ತಿ. ಲಾಕಪ್ ಹಿಡಿದಿದ್ದರೆ ಆರ್‌ಪಿಎಂ ಮುಳ್ಳು ವೇಗದ ಜೊತೆಗೇ ನಿಧಾನವಾಗಿ ಏರುತ್ತದೆ. ವೇಗ ಕೂಡದೆ ಮುಳ್ಳು ಮಾತ್ರ 200–300 ಮೇಲೆ ಹಾರಿದರೆ, ಗೇರ್ ಇಳಿಯದೇ ಇದ್ದರೆ, ಲಾಕಪ್ ಹಿಡಿದಿಲ್ಲ ಅಥವಾ ಜಾರುತ್ತಿದೆ ಎಂದರ್ಥ.

ನಡುಕದ ದೂರಿಗೆ ಬೇರೆ ಪರೀಕ್ಷೆ. 50ರಿಂದ 80ರ ನಡುವೆ, ಹಗುರವಾಗಿ ಆಕ್ಸಿಲರೇಟರ್ ಒತ್ತಿದಾಗ, ರಸ್ತೆಯ ರಂಬ್ಲರ್ ಪಟ್ಟಿಗಳ ಮೇಲೆ ಹಾದಂತೆ ಕೆಲವು ಕ್ಷಣ ಗಡಗಡ ಎನ್ನುವುದು ಲಾಕಪ್ ನಡುಕದ ಲಕ್ಷಣ. ಹಿಂದೆ ಯಾವ ವಾಹನವೂ ಇಲ್ಲದಿರುವುದನ್ನು ನೋಡಿಕೊಂಡು, ಆಕ್ಸಿಲರೇಟರ್ ಬಿಡದೆ, ಬ್ರೇಕ್ ದೀಪ ಉರಿಯುವಷ್ಟು ಮಾತ್ರ ಎಡಗಾಲಿನಿಂದ ಬ್ರೇಕ್ ಮುಟ್ಟಿ. ಬ್ರೇಕ್ ಸಂಕೇತ ಸಿಕ್ಕ ಕೂಡಲೇ ಹೆಚ್ಚಿನ ಗಾಡಿಗಳ ಕಂಪ್ಯೂಟರ್ ಲಾಕಪ್ ಬಿಡಿಸುತ್ತದೆ. ಅದರ ಜೊತೆ ನಡುಕವೂ ನಿಂತರೆ ಸಂಶಯ ಲಾಕಪ್ ಮೇಲೆ. ನಿಲ್ಲದಿದ್ದರೆ ಇಂಜೆಕ್ಟರ್, ಎಂಜಿನ್ ಮೌಂಟಿಂಗ್, ಚಕ್ರದ ಬ್ಯಾಲೆನ್ಸಿಂಗ್ ಕಡೆ ನೋಡಿ. ಇನ್ನು ಗಾಡಿ ನಿಲ್ಲಿಸುವಾಗ, ಕ್ಲಚ್ ಒತ್ತದೆ ನಿಲ್ಲಿಸಿದ ಮ್ಯಾನ್ಯುಯಲ್ ಗಾಡಿಯ ಹಾಗೆ, ಎಂಜಿನ್ ಜಗ್ಗಿ ಆಫ್ ಆದರೆ ಲಾಕಪ್ ಬಿಡದೆ ಉಳಿದಿರಬಹುದು. ಆ ಗಾಡಿಯನ್ನು ಬೆಟ್ಟಕ್ಕೆ ಒಯ್ಯಲೇಬಾರದು. ತಿರುವಿನಲ್ಲಿ ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ನೆರವೂ ಕುಗ್ಗುತ್ತದೆ.

ಈಗ ಬದಲಾವಣೆಗಳ ಮಾತು. ನನ್ನ ಮಟ್ಟಿಗೆ ಇದೇ ಈ ಅಧ್ಯಾಯದ ತಿರುಳು.

ಬೆಟ್ಟದಲ್ಲಿ ಎಂಜಿನ್ ಕಾಯಿತೆಂದು ಥರ್ಮೋಸ್ಟಾಟ್ ಕಿತ್ತುಹಾಕುವ ರೂಢಿ ಹಳೆಯದು. ಹಳೆ ಗಾಡಿಗಳಲ್ಲಿ ಅದು ನಡೆದುಹೋಗುತ್ತಿತ್ತು. ಆದರೆ ಆಟೊಮ್ಯಾಟಿಕ್ ಗಾಡಿಯ ಕಂಪ್ಯೂಟರ್, ಎಂಜಿನ್ನೂ ಎಣ್ಣೆಯೂ ಹದವಾಗಿ ಬಿಸಿಯಾಗುವವರೆಗೆ ಲಾಕಪ್‌ಗೆ ಅಪ್ಪಣೆ ಕೊಡುವುದಿಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಮುಂಜಾನೆಯ ಚಳಿಯಲ್ಲಿ ಎಷ್ಟು ಓಡಿದರೂ ಆ ಹದಕ್ಕೆ ಬರದಿರಬಹುದು. ಆಗ ಕನ್ವರ್ಟರ್ ಸರಿಯಾಗಿಯೇ ಇರುತ್ತದೆ, ಅಪ್ಪಣೆ ಮಾತ್ರ ಸಿಕ್ಕಿರುವುದಿಲ್ಲ.

ಬ್ರೇಕ್ ದೀಪದ ವೈರಿನಿಂದ ಕವಲು ತೆಗೆದು ಎಲ್‌ಇಡಿ ಪಟ್ಟಿ ಹಾಕಿಸುವುದು ಇನ್ನೊಂದು. ಜೋಡಣೆ ಕೆಟ್ಟರೆ, ಕಾಲು ಬ್ರೇಕಿನ ಮೇಲಿಲ್ಲದಾಗಲೂ ‘ಬ್ರೇಕ್ ಒತ್ತಿದೆ’ ಎಂಬ ಸಂಕೇತ ಕಂಪ್ಯೂಟರಿಗೆ ಹೋಗಬಹುದು. ಲಾಕಪ್ ಹಿಡಿಯದಿರುವ ಗಾಡಿಯಲ್ಲಿ ಕ್ರೂಸ್ ಕಂಟ್ರೋಲ್ ಕೂಡ ಕೆಲಸ ಮಾಡುತ್ತಿಲ್ಲವಾದರೆ ಮೊದಲು ಈ ವೈರು, ಬ್ರೇಕ್ ಸ್ವಿಚ್ ನೋಡಿಸಿ.

ಟೈರಿನ ಲೆಕ್ಕ ಸುಲಭ. 215/65 ಆರ್ 16 ಟೈರಿನ ವ್ಯಾಸ ಸುಮಾರು 686 ಮಿಲಿಮೀಟರ್. ಅದರ ಬದಲು 235/70 ಆರ್ 16 ಹಾಕಿದರೆ 735. ಅಂದರೆ ಶೇಕಡಾ 7ರಷ್ಟು ಹೆಚ್ಚು. ಗಾಡಿ 64ರಲ್ಲಿ ಓಡುವಾಗ ಕಂಪ್ಯೂಟರ್ 60 ಎಂದುಕೊಳ್ಳುತ್ತದೆ, ಲಾಕಪ್ ತಡವಾಗುತ್ತದೆ. ಏರಿನಲ್ಲಿ ಎಂಜಿನ್ನಿಗೆ ಭಾರವೂ ಹೆಚ್ಚು, ಹಾಗಾಗಿ ಲಾಕಪ್ ಮತ್ತೆಮತ್ತೆ ಬಿಟ್ಟು ಎಣ್ಣೆ ಕಾಯುತ್ತದೆ. ಮುಂದಿನ ಕಬ್ಬಿಣದ ಗಾರ್ಡು, ಅದಕ್ಕೆ ಬಿಗಿದ ದೀಪಗಳು ರೇಡಿಯೇಟರಿನ ಗಾಳಿಗೆ ಅಡ್ಡ ನಿಂತರೆ ಆ ಕಾವು ಇಳಿಯುವುದೂ ಕಷ್ಟ. ಎಣ್ಣೆ 120 ಡಿಗ್ರಿ ದಾಟಿ ಮತ್ತೆಮತ್ತೆ ಕಾದರೆ ಬೇಗ ಹಾಳಾಗುತ್ತದೆ, ನಡುಕ ಹುಟ್ಟುವುದು ಅಲ್ಲಿಂದ.

ನನಗೆ ಹೆಚ್ಚು ಕಳವಳ ತರುವುದು ಡೀಸೆಲ್ ಗಾಡಿಯ ಟ್ಯೂನಿಂಗ್ ಬಾಕ್ಸ್. ಇಂಧನದ ಒತ್ತಡ ಇರುವುದಕ್ಕಿಂತ ಕಡಿಮೆ ಎಂದು ಅದು ಎಂಜಿನ್ ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಒತ್ತಡ ಏರಿಸುತ್ತದೆ, ಬಲ ಹೆಚ್ಚುತ್ತದೆ. ಆದರೆ ಗೇರ್‌ಬಾಕ್ಸಿಗೆ ತಲುಪುವುದು ಹಳೆಯ, ಕಡಿಮೆ ಬಲದ ಲೆಕ್ಕವೇ. ಲಾಕಪ್ ಕ್ಲಚ್ಚನ್ನು ಎಷ್ಟು ಬಿಗಿಯಾಗಿ ಒತ್ತಬೇಕೆಂಬುದು ಆ ಲೆಕ್ಕದಿಂದ ತೀರ್ಮಾನವಾಗುವುದರಿಂದ, ಹಿಡಿತ ಸಾಲದೆ ಕ್ಲಚ್ ಜಾರಿ ಸವೆಯುತ್ತದೆ. ಪರೀಕ್ಷೆ ಸರಳ: ಬಾಕ್ಸ್ ಕಳಚಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಮತ್ತೆ ಓಡಿಸಿ ನೋಡುವುದು. ಕಾನೂನಿನ ತೊಡಕೂ ಇದೆ: ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಮಾಡುವ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ.

ಸ್ಕ್ಯಾನರ್ ಹಾಕಿದಾಗ ಪಿ 0741 ಎಂಬ ಕೋಡ್ ಬಂದರೆ ಕನ್ವರ್ಟರ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಲಾಕಪ್ ಹಿಡಿಯಲು ಹೇಳಿದರೂ ಜಾರಿಕೆ ಉಳಿದಿದೆ ಎಂದಷ್ಟೇ ಅದರ ಅರ್ಥ. ಪಿ 0740, ಪಿ 0743 ವಿದ್ಯುತ್ ಜೋಡಣೆಯ ಕಡೆ ಬೆರಳು ತೋರುತ್ತವೆ, ಪಿ 0742 ಲಾಕಪ್ ಬಿಡದಿರುವುದನ್ನು ಹೇಳುತ್ತದೆ. ಗಾಡಿ ಓಡುವಾಗ ಎಂಜಿನ್ ಆರ್‌ಪಿಎಂ, ಟರ್ಬೈನ್ ಆರ್‌ಪಿಎಂ, ಎಣ್ಣೆಯ ಬಿಸಿ, ಬ್ರೇಕ್ ಸ್ವಿಚ್ ಈ ನಾಲ್ಕನ್ನೂ ಒಟ್ಟಿಗೆ ತೋರಿಸುವ ಸ್ಕ್ಯಾನರ್ ಇರುವ ಗ್ಯಾರೇಜನ್ನೇ ಹುಡುಕಿ. ಅಗ್ಗದ ಬ್ಲೂಟೂತ್ ಸಾಧನಗಳು ಹೆಚ್ಚಾಗಿ ಗೇರ್‌ಬಾಕ್ಸಿನ ಮಾಹಿತಿ ಓದುವುದಿಲ್ಲ.

ಎಣ್ಣೆ ಬದಲಿಸುವುದಾದರೆ ಕಂಪನಿ ಹೇಳಿದ ದರ್ಜೆಯದೇ ಇರಲಿ. ಕೆಂಪಗಿದ್ದರೆ ಸಾಕು ಎಂದು ಯಾವುದೋ ಎಣ್ಣೆ ಸುರಿದರೆ ಚೆನ್ನಾಗಿದ್ದ ಲಾಕಪ್ಪೂ ನಡುಗತೊಡಗಬಹುದು. ತೆಗೆದ ಎಣ್ಣೆ ಸುಟ್ಟ ವಾಸನೆ ಹೊಡೆದು, ತಳದ ತಟ್ಟೆಯಲ್ಲಿ ಕಪ್ಪು ಚೂರುಗಳೋ ಲೋಹದ ಪುಡಿಯೋ ಕಂಡರೆ ಗೇರ್‌ಬಾಕ್ಸ್ ಇಳಿಸುವುದು ಅನಿವಾರ್ಯ. ಆಗ ಕನ್ವರ್ಟರ್ ಜೊತೆ ಎಣ್ಣೆ ಕೂಲರನ್ನೂ ಅದರ ಪೈಪುಗಳನ್ನೂ ತೊಳೆಸಿ. ಅಲ್ಲಿ ಉಳಿದ ಪುಡಿ ಹೊಸ ಕನ್ವರ್ಟರನ್ನೂ ಹಾಳುಮಾಡುತ್ತದೆ. ಟ್ಯೂನಿಂಗ್ ಬಾಕ್ಸನ್ನು ಮತ್ತೆ ಸಿಕ್ಕಿಸಿದರೆ ಹೊಸ ಕ್ಲಚ್ ಕೂಡ ಅದೇ ಕೊರತೆಯ ಒತ್ತಡದಲ್ಲಿ ಜಾರುತ್ತದೆ.