ರಸ್ತೆ ಅಗೆಯುವಾಗ ಅಂಗಡಿ ಉಳಿಯುವುದು ಹೇಗೆ?

ಸುಳ್ಯದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವವರಿಗೆಲ್ಲ ಕಲ್ಲಡ್ಕ ಗೊತ್ತು. ಮಾಣಿಯಲ್ಲಿ ನಮ್ಮ ರಸ್ತೆ ಬೆಂಗಳೂರು ಹೆದ್ದಾರಿಯನ್ನು ಸೇರಿದ ಮೇಲೆ ಸಿಗುವ ಈ ಪೇಟೆ ಕೆ.ಟಿ. ಎಂಬ ಚಹಾಕ್ಕೆ ಹೆಸರುವಾಸಿ. ಬಿ.ಸಿ.ರೋಡ್–ಅಡ್ಡಹೊಳೆ ನಡುವಿನ ಚತುಷ್ಪಥ ಕಾಮಗಾರಿಯ ಕಾಲದಲ್ಲಿ ಕಲ್ಲಡ್ಕ ಇನ್ನೊಂದು ಕಾರಣಕ್ಕೂ ಹೆಸರಾಯಿತು: ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಸುಮಾರು ಎರಡು ಕಿಲೋಮೀಟರ್ ಉದ್ದದ ಮೇಲ್ಸೇತುವೆ 2025ರ ಜೂನ್‌ನಲ್ಲಿ ವಾಹನಗಳಿಗೆ ತೆರೆಯುವವರೆಗೆ ಹಲವು ವರ್ಷ ಅಲ್ಲಿನ ಅಂಗಡಿಗಳು ಈ ಧೂಳು ಕೆಸರಿನ ನಡುವೆಯೇ ಬಾಗಿಲು ತೆರೆದವು.

ರಸ್ತೆ ಬೇಡ ಎಂದು ಯಾರೂ ಹೇಳುವುದಿಲ್ಲ. ನಾನೂ ಹೇಳುವುದಿಲ್ಲ. ಆದರೆ ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾಗಿ ನನಗೆ ಒಂದು ಪ್ರಶ್ನೆ ಇದೆ. ಹೊಸ ರಸ್ತೆ ಬಂದಾಗ ಲಾಭ ಎಲ್ಲರಿಗೂ ಸಿಗುತ್ತದೆ. ಅದು ಬರುವವರೆಗಿನ ನಷ್ಟವನ್ನು ಯಾರು ಹೊರುತ್ತಾರೆ?

ಉತ್ತರಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ. ಇದು ಕಲ್ಪಿತ ಅಂಗಡಿ. ತಿಂಗಳ ಮಾರಾಟ 1,50,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಸಾಮಾನಿನ ಖರೀದಿಗೇ 1,20,000 ಹೋಗುತ್ತದೆ. ಉಳಿಯುವುದು 30,000. ಇದರಿಂದ ಬಾಡಿಗೆ 9,000, ಕೆಲಸದ ಹುಡುಗನ ಸಂಬಳ 8,000, ಸಾಲದ ಬಡ್ಡಿ 3,000, ಕರೆಂಟು ಇತ್ಯಾದಿ 2,000, ಒಟ್ಟು 22,000 ಕೊಡಬೇಕು. ಮನೆಗೆ ಉಳಿಯುವುದು 8,000.

ಈಗ ಅಂಗಡಿ ಮುಂದೆ ಅಗೆದರು. ಮಾರಾಟ ಅರ್ಧಕ್ಕೆ ಇಳಿಯಿತು. 75,000 ರೂಪಾಯಿ ಮಾರಾಟದಲ್ಲಿ ಸಾಮಾನಿನ ಖರ್ಚು ಕಳೆದು ಉಳಿಯುವುದು 15,000. ಆದರೆ ಬಾಡಿಗೆ ಅರ್ಧ ಆಗುವುದಿಲ್ಲ, ಸಂಬಳ ಅರ್ಧ ಆಗುವುದಿಲ್ಲ, ಬಡ್ಡಿಯಂತೂ ಆಗುವುದೇ ಇಲ್ಲ. ಅದೇ 22,000 ಕೊಡಬೇಕು. ಮನೆಗೆ ಏನೂ ಬರುವುದಿಲ್ಲ. ಮೇಲಿಂದ ಕೈಯಿಂದ 7,000 ಹಾಕಬೇಕು. ಆರು ತಿಂಗಳಾದರೆ 42,000.

ನಮ್ಮ ಪಾಠದಲ್ಲಿ ಬರುವ ಸ್ಥಿರ ವೆಚ್ಚ ಎಂದರೆ ಇದೇ. ವ್ಯಾಪಾರ ಇದ್ದರೂ ಇಲ್ಲದಿದ್ದರೂ ಅದು ನಿಲ್ಲುವುದಿಲ್ಲ. ಈ ಅಂಗಡಿ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಬೇಕಾದರೆ ತಿಂಗಳಿಗೆ 1,10,000 ರೂಪಾಯಿ ಮಾರಾಟ ಆಗಬೇಕು. ಅಂದರೆ ವ್ಯಾಪಾರ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಇಳಿದರೂ ಸಾಕು, ಲಾಭ ಪೂರ್ತಿ ಮುಗಿಯುತ್ತದೆ. ಹೊರಗಿನಿಂದ ನೋಡುವವರಿಗೆ ಮಾತ್ರ "ಅಂಗಡಿ ನಡೀತಾ ಇದೆಯಲ್ಲ" ಎಂದು ಕಾಣುತ್ತದೆ.

ಪರಿಹಾರ ಸಿಗುವುದಿಲ್ಲವೇ ಎಂದು ಕೇಳಬಹುದು. ರಾಷ್ಟ್ರೀಯ ಹೆದ್ದಾರಿಗೆ ಜಾಗ ಬೇಕಾದಾಗ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ ಸ್ವಾಧೀನ ಮಾಡುತ್ತಾರೆ. ಪರಿಹಾರದ ಮೊತ್ತವನ್ನು 2013ರ ಭೂಸ್ವಾಧೀನ ಕಾಯ್ದೆಯ ನಿಯಮದಂತೆ ಲೆಕ್ಕ ಹಾಕುತ್ತಾರೆ. ಆದರೆ ಅದು ಜಾಗ, ಕಟ್ಟಡ, ಮರ ಕಳೆದುಕೊಂಡವರ ಲೆಕ್ಕ. ಜಾಗವೂ ಹೋಗದೆ, ಕಟ್ಟಡವೂ ಹೋಗದೆ, ಗಿರಾಕಿ ಮಾತ್ರ ಹೋದ ಬಾಡಿಗೆ ಅಂಗಡಿಯವನು ಆ ಪಟ್ಟಿಯಲ್ಲಿ ಬರುವುದಿಲ್ಲ. ರಸ್ತೆ ಬದಿ ಕೂತು ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಒಂದು ರಕ್ಷಣೆ ಕೊಟ್ಟಿದೆ: ಅವರನ್ನು ಎಬ್ಬಿಸುವ ಮೊದಲು ಮೂವತ್ತು ದಿನದ ನೋಟಿಸು ಕೊಡಬೇಕು.

ನೋಟಿಸಿನ ಈ ವಿಷಯ ಚಿಕ್ಕದಲ್ಲ. ನನ್ನ ಮಾಮು ಒಂದು ಪೇಟೆಯಲ್ಲಿ ಬಾಡಿಗೆಗೆ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಒಂದು ವರ್ಷ ಅವರ ಅಂಗಡಿ ಮುಂದೆ ಚರಂಡಿಗೆಂದು ಅಗೆದರು. ಎಂದು ಮುಗಿಯುತ್ತದೆ ಎಂದು ಕೇಳಿದರೆ ಒಬ್ಬರು ಹದಿನೈದು ದಿನ ಎಂದರು, ಇನ್ನೊಬ್ಬರು ಎರಡು ತಿಂಗಳು ಎಂದರು. ಮಾಮು ಹದಿನೈದು ದಿನವನ್ನು ನಂಬಿ ರಮ್ಝಾನ್‌ಗೆ ಬೇಕಾದ ಬಟ್ಟೆಯನ್ನು ಸಾಲದಲ್ಲಿ ತರಿಸಿದರು. ಈದ್ ಕಳೆಯಿತು, ಗುಂಡಿ ಹಾಗೆಯೇ ಇತ್ತು, ಬಟ್ಟೆಯೂ ಹಾಗೆಯೇ ಇತ್ತು. ಅವರು ನನಗೆ ಹೇಳಿದ ಮಾತು ನೆನಪಿದೆ: "ನಮ್ಮ ಊರಲ್ಲಿ ಮಳೆಗಾಲಕ್ಕೆ ವ್ಯಾಪಾರ ಕಡಿಮೆಯೇ, ಬೇಟಾ. ಆದರೆ ಮಳೆ ಯಾವಾಗ ಬಿಡುತ್ತದೆ ಅಂತ ಗೊತ್ತಿರುತ್ತದೆ. ಅದಕ್ಕೆ ತಕ್ಕ ಹಾಗೆ ಮಾಲು ತರಿಸುತ್ತೇವೆ. ಇದು ಯಾವಾಗ ಬಿಡುತ್ತದೆ ಅಂತ ಗೊತ್ತಾಗಲಿಲ್ಲ."

ನನ್ನ ಪ್ರಕಾರ ಇಡೀ ವಿಷಯದ ಸಾರ ಇಲ್ಲಿದೆ. ಅಂಗಡಿಯನ್ನು ಮುಗಿಸುವುದು ಗುಂಡಿ ಮಾತ್ರ ಅಲ್ಲ, ಅವಧಿ ಗೊತ್ತಿಲ್ಲದ ಗುಂಡಿ. ತಾರೀಕು ಸರಿಯಾಗಿ ಗೊತ್ತಿದ್ದರೆ ವ್ಯಾಪಾರಿ ಮಾಲು ಕಡಿಮೆ ತರಿಸುತ್ತಾನೆ, ಬಾಡಿಗೆ ಬಗ್ಗೆ ಮಾಲಕರ ಹತ್ತಿರ ಮಾತಾಡುತ್ತಾನೆ, ಬ್ಯಾಂಕಿನಲ್ಲಿ ಕಂತಿನ ಬಗ್ಗೆ ಕೇಳುತ್ತಾನೆ.

ದೊಡ್ಡ ನಗರಗಳಲ್ಲೂ ಇದೇ ಕಥೆ. ಬೆಂಗಳೂರಿನ ನಮ್ಮ ಮೆಟ್ರೋಗಾಗಿ ಎಂ.ಜಿ. ರಸ್ತೆ ಬಳಿಯ ಕಾಮರಾಜ ರಸ್ತೆಯ ಭಾಗವನ್ನು 2019ರಲ್ಲಿ ಮುಚ್ಚಿದರು. ಅದರ ಒಂದು ಬದಿ ತೆರೆದದ್ದು 2024ರಲ್ಲಿ. ಕಮರ್ಷಿಯಲ್ ಸ್ಟ್ರೀಟ್ ಕಡೆಗೆ ಹೋಗುವ ದಾರಿ ಇದು. ಆ ನಡುವೆ ಕಮರ್ಷಿಯಲ್ ಸ್ಟ್ರೀಟನ್ನೇ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅಗೆದರು. ಲಾಕ್‌ಡೌನ್‌ನ ಪೆಟ್ಟು ತಿಂದಿದ್ದ ವ್ಯಾಪಾರಿಗಳಿಗೆ ಅದು ಎರಡನೇ ಪೆಟ್ಟು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೇಟೆಯ ನಡುವೆ ಟ್ರಾಮ್ ಹಳಿ ಹಾಕುವ ಕೆಲಸ 2015ರಲ್ಲಿ ಶುರುವಾಯಿತು. ರಸ್ತೆಯನ್ನು ತುಂಡು ತುಂಡಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಅವಧಿ ಹೇಳಿದ್ದರು. ಹಲವು ಕಡೆ ಕೆಲಸ ಆ ಅವಧಿ ಮೀರಿತು. ಟ್ರಾಮ್ ಓಡಿದ್ದು 2019ರ ಡಿಸೆಂಬರ್‌ನಲ್ಲಿ. ಆಗ ಅಲ್ಲಿನ ರಾಜ್ಯ ಸರಕಾರ ಸಣ್ಣ ವ್ಯಾಪಾರಿಗಳಿಗೆ ಬಾಡಿಗೆಯ ನೆರವು ಕೊಟ್ಟಿತು. ಅದು ಸಾಲದು ಎಂದು ವ್ಯಾಪಾರಿಗಳು ನ್ಯಾಯಾಲಯಕ್ಕೂ ಹೋದರು. ನೆರವು ಬಾಡಿಗೆಗೆ ಬಂದದ್ದು ಗಮನಿಸಿ. ಸ್ಥಿರ ವೆಚ್ಚವೇ ಹೊರೆ ಎಂದು ಅಲ್ಲಿಯೂ ಗೊತ್ತಾಯಿತು.

ನಮ್ಮ ಊರುಗಳಲ್ಲಿ ಏನು ಮಾಡಬಹುದು? ದೊಡ್ಡ ಖರ್ಚಿಲ್ಲದ ಕೆಲಸಗಳು ಇವೆ.

ಮೊದಲನೆಯದು, ಕೆಲಸ ಶುರುವಾಗುವ ಮತ್ತು ಮುಗಿಯುವ ತಾರೀಕನ್ನು ಅಲ್ಲೇ ಬೋರ್ಡಿನಲ್ಲಿ ಬರೆಯುವುದು. ತಡವಾದರೆ ಹೊಸ ತಾರೀಕು ಬರೆಯುವುದು. ಎರಡನೆಯದು, ಇಡೀ ಪೇಟೆಯನ್ನು ಒಮ್ಮೆಗೇ ಅಗೆಯದೆ ಒಂದು ಭಾಗ ಮುಗಿಸಿ ಇನ್ನೊಂದಕ್ಕೆ ಹೋಗುವುದು. ಮೂರನೆಯದು, ಪ್ರತಿ ಅಂಗಡಿಗೂ ಹತ್ತಲು ಗಟ್ಟಿ ಹಲಗೆ ಹಾಕಿಸುವುದು, ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಹಾಕಿಸುವುದು. ವಯಸ್ಸಾದವರು ಗುಂಡಿ ದಾಟಿ ಅಂಗಡಿಗೆ ಬರುವುದಿಲ್ಲ. ನಾಲ್ಕನೆಯದು, ಈದ್, ದೀಪಾವಳಿ, ಊರ ಜಾತ್ರೆಯಂಥ ವ್ಯಾಪಾರದ ದಿನಗಳನ್ನು ನೋಡಿ ಕೆಲಸದ ದಿನ ಇಡುವುದು.

ಕಟ್ಟಡದ ಮಾಲಕರ ಪಾತ್ರವೂ ಇದೆ. ನಮ್ಮ ಲೆಕ್ಕದ ಅಂಗಡಿಗೆ ಬಾಡಿಗೆ ಅರ್ಧ ಮಾಡಿದರೆ ಉಳಿಯುವುದು 4,500 ರೂಪಾಯಿ. ತಿಂಗಳ 7,000 ನಷ್ಟ 2,500ಕ್ಕೆ ಇಳಿಯುತ್ತದೆ. ರಸ್ತೆ ಮುಗಿದ ಮೇಲೆ ಜಾಗದ ಬೆಲೆ ಏರುವ ಲಾಭ ಮಾಲಕರಿಗೇ ಸಿಗುವುದರಿಂದ, ಕೆಲವು ತಿಂಗಳು ಕಡಿಮೆ ಬಾಡಿಗೆ ತೆಗೆದುಕೊಳ್ಳುವುದು ನ್ಯಾಯವೂ ಹೌದು.

ಇನ್ನು ನಾವು. ಹನ್ನೊಂದು ಮನೆಯವರು ತಿಂಗಳಿಗೆ 2,000 ರೂಪಾಯಿಯ ಸಾಮಾನನ್ನು ಆ ಅಂಗಡಿಯಿಂದಲೇ ತಂದರೆ 22,000 ರೂಪಾಯಿ ಮಾರಾಟ, ಅದರಲ್ಲಿ ಅಂಗಡಿಗೆ ಉಳಿಯುವುದು 4,400. ಅಂದರೆ ಹನ್ನೊಂದು ಮನೆಯವರು ಸೇರಿದರೆ ಹೆಚ್ಚುಕಡಿಮೆ ಅರ್ಧ ಬಾಡಿಗೆ ಬಿಟ್ಟಷ್ಟೇ ಸಹಾಯ. ದಾನ ಅಲ್ಲ, ಹೇಗೂ ತೆಗೆದುಕೊಳ್ಳಬೇಕಾದ ಅಕ್ಕಿ, ಸಾಬೂನು, ಪುಸ್ತಕ. ಆದರೆ ಒಂದು ಷರತ್ತು: ನಗದು ಕೊಡಬೇಕು. ಈ ಸಮಯದಲ್ಲಿ ಸಾಲ ಬರೆಸಿದರೆ ಅದು ಸಹಾಯ ಆಗುವುದಿಲ್ಲ, ಹಳೆಯ ಬಾಕಿ ಇದ್ದರೆ ತೀರಿಸುವುದೇ ಮೊದಲ ಸಹಾಯ.

ಹೊಸ ರಸ್ತೆ ಆದ ಮೇಲೂ ಒಂದು ವಿಷಯ ಉಳಿಯುತ್ತದೆ. ಮೇಲ್ಸೇತುವೆ ಆದಲ್ಲಿ ದೂರ ಹೋಗುವ ವಾಹನಗಳು ಮೇಲಿನಿಂದಲೇ ದಾಟುತ್ತವೆ. ಕೆಳಗಿನ ಪೇಟೆ ಕಾಣಬೇಕಾದರೆ ಸರ್ವಿಸ್ ರಸ್ತೆ ಸರಿ ಇರಬೇಕು, ಪೇಟೆಗೆ ಇಳಿಯುವ ದಾರಿಯ ಫಲಕ ಇರಬೇಕು.

ಮುಂದಿನ ಸಲ ಯಾವುದಾದರೂ ಪೇಟೆಯಲ್ಲಿ ಅಗೆದ ರಸ್ತೆ ಕಂಡರೆ ಗೊಣಗುವ ಮೊದಲು ಎರಡು ಕೆಲಸ ಮಾಡೋಣ: ಮುಗಿಯುವ ತಾರೀಕಿನ ಬೋರ್ಡು ಇದೆಯೇ ನೋಡೋಣ. ಹಲಗೆ ದಾಟಿ ಒಳಗೆ ಹೋಗಿ, ಒಂದು ಪೆನ್ನಾದರೂ ತೆಗೆದುಕೊಳ್ಳೋಣ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ